ಹಲ್ಲಿನ ಹೊದಿಕೆಯೂ ಹಲ್ಲಿನ ಮಾತೂ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆ ಕೊಡಿಸಿದರು. ಕನ್ನಡದ ಉಪಾಧ್ಯಾಯರೆಂದ ಮೇಲೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವರೆಂದು ತಾವು ಎಣಿಸಿದ್ದರೆ ಅದು ಸಹಜವೇ. ಆದರೆ ನಾವು ಈ ದಿವಸ ಆರಿಸಿಕೊಂಡಿರುವ ವಿಷಯ ಹಲ್ಲು. ಇದನ್ನು ಕೇಳಿ ಕೆಲವರಿಗೆ ನಗು ಬರಬಹುದು. ಬರಲಿ; ನಗುವುದಕ್ಕೆ ಅಂಜುವವರ ವಿಚಾರವನ್ನೇ ನಾವು ಹೇಳಬೇಕೆಂದಿದ್ದೇವೆ.

ಭಾಷೆಗೂ ಹಲ್ಲಿಗೂ ನಂಟು ಹಳೆಯದು. ತ ಥ ದ ಧ ನ ಎಂಬ ಐದು ಅಕ್ಷರಗಳನ್ನು ವೈಯಾಕರಣರು ದಂತ್ಯಗಳೆಂದು ಕರೆದರು. ಹಲ್ಲಿನ ಆಸರೆಯಿಲ್ಲದೆ ಅವು ಹುಟ್ಟಲಾರವು. ಹಲ್ಲು ಎಂಬ ಶಬ್ದವನ್ನೇ ನೋಡಿರಿ. ಹಳಗನ್ನಡದಲ್ಲಿ ಅದು ಪಲ್. ಮುಂದೆ ನಮ್ಮ ಪಕಾರವು ಹಕಾರವಾದಾಗ ಪಾಲು ಹಾಲಾಯಿತು, ಪಲ್ ಹಲ್ಲಾಯಿತು. ತಮಿಳಿನಲ್ಲಿ ಅದು ಇಂದಿಗೂ ಪಲ್ ಆಗಿಯೇ ನಿಂತಿದೆ. ಆದುದರಿಂದ ದಿಂಡಿಗಲ್ಲಿನಲ್ಲಾಗಲಿ, ತೇನಿಯಲ್ಲಾಗಲಿ, ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ನಮ್ಮವರಿಗೆ ಈ ಒಂದು ಶಬ್ದದ ಮಟ್ಟಿಗೆ ಎರಡು ಭಾಷೆ ಕಲಿತ ಶ್ರಮವಿಲ್ಲ.

ನಮ್ಮ ತಾಯಿಯ ತವರು ಕಂಬಂ ಕಣಿವೆ. ಆ ಕಣಿವೆಯ ಕಾಪ್ಪಿಲಿಯರು ಮನೆಯೊಳಗೆ ಕನ್ನಡವನ್ನಾಡುವವರು. 1909ರಲ್ಲಿ ಅಚ್ಚಾದ ಥರ್ಸ್ಟನ್ನರ ದಕ್ಷಿಣ ಹಿಂದೂದೇಶದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿಯೂ ಅವರ ಮಾತು ಕನ್ನಡವೆಂದೇ ಹೇಳಿದೆ. ಅವರು ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದಿರುವ ತಂಬಿರಾನ್ ದನಗಳ ಮಂದೆಯನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ದನ ಸಾಕುವವನು ಹಲ್ಲನ್ನು ಓದಬಲ್ಲವನು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಹೋರಿಯ ವಯಸ್ಸನ್ನು ಹೇಳುತ್ತಾನೆ. ಎಂಟೂ ಬಂದರೆ ಬಾಯಿ ಕೂಡಿತು ಎನ್ನುತ್ತಾನೆ. ದನದ ಬಾಯನ್ನು ಇಷ್ಟು ಎಚ್ಚರದಿಂದ ನೋಡುವ ನಾವು ಮಕ್ಕಳ ಬಾಯನ್ನು ಅಷ್ಟು ಎಚ್ಚರದಿಂದ ನೋಡುವುದಿಲ್ಲ. ಈ ಮಾತು ನಮಗೆ ಏಕೆ ತೋರಿತೆಂಬುದನ್ನು ಹೇಳುತ್ತೇವೆ.

ನಮ್ಮ ಅಕ್ಕನ ಮಗಳೊಬ್ಬಳುಂಟು. ದಿಂಡಿಗಲ್ ಸೀಮೆಯ ಒಂದು ಒಣಭೂಮಿಯ ಹಳ್ಳಿಯಲ್ಲಿ ಕೊಳವೆಬಾವಿಯ ನೀರು ಕುಡಿದು ಬೆಳೆದವಳು. ಓದಿನಲ್ಲಿ ಜಾಣೆ. ಆದರೆ ಚಿಕ್ಕಂದಿನಿಂದಲೂ ಬಾಯಿಗೆ ಕೈ ಅಡ್ಡವಿಟ್ಟುಕೊಂಡೇ ನಗುತ್ತಿದ್ದಳು. ಮುಂಬಲ್ಲುಗಳ ಮೇಲೆ ಸುಣ್ಣದಂತಹ ಬಿಳಿ ಮಚ್ಚೆಗಳು, ಅವುಗಳ ನಡುವೆ ಕಂದು ಪಟ್ಟಿಗಳು. ಎಷ್ಟು ಉಜ್ಜಿದರೂ ಹೋಗದ ಕಲೆ. ಮದುವೆ ನಿಶ್ಚಯವಾದೊಡನೆ ಮನೆಯವರು ಒಂದು ಪಟ್ಟಣಕ್ಕೆ ಕರೆದೊಯ್ದು ಮೇಲಿನ ಆರು ಹಲ್ಲುಗಳಿಗೆ ಪಿಂಗಾಣಿಯ ತೆಳು ಹೊದಿಕೆ ಹಾಕಿಸಿದರು. ಇದಕ್ಕೆ ವೆನಿಯರ್ ಎಂದು ಹೆಸರು. ಮದುವೆಗೆ ಹದಿನೈದು ದಿನ ಉಳಿದಿತ್ತು. ಎರಡು ಸಲ ಹೋಗಿ ಬಂದುದರಲ್ಲಿ ಕೆಲಸ ಮುಗಿಯಿತು. ಹಸೆಯ ಮೇಲೆ ಹುಡುಗಿ ಕೈ ಅಡ್ಡವಿಲ್ಲದೆ ನಕ್ಕಳು. ಅದನ್ನು ನೋಡಿ ನಮಗೂ ಸಂತೋಷವಾಯಿತು.

ಎರಡು ತಿಂಗಳು ಕಳೆದು ನಾವು ಅವಳ ಅತ್ತೆಯ ಮನೆಗೆ ಹೋದೆವು. ಕಂಬಂ ಕಣಿವೆಯ ದ್ರಾಕ್ಷಿ ತೋಟದ ಮನೆ ಅದು. ಆ ಕಣಿವೆಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತುದನ್ನು ತಾವು ಬಲ್ಲಿರಿ. ತಟ್ಟೆಯ ತುಂಬ ಹಣ್ಣು ಬಂದಿತು, ಎಲ್ಲರೂ ತಿಂದೆವು, ಅವಳು ಮುಟ್ಟಲಿಲ್ಲ. ನೀರನ್ನೂ ಬೆಚ್ಚಗೆ ಮಾಡಿಕೊಂಡು ಕುಡಿಯುತ್ತಿದ್ದಳು. ಹಿತ್ತಲ ಕಡೆ ಕರೆದು ಕೇಳಿದೆವು:

“ಏನಮ್ಮ, ಈ ಮನೆಯ ಊಟ ಸೇರುವುದಿಲ್ಲವೆ?”

“ಊಟ ಸೇರುತ್ತದೆ ಮಾವ. ಹಲ್ಲು ಜುಮ್ಮೆನ್ನುತ್ತದೆ. ತಣ್ಣೀರು ತಾಗಿದರೆ ಪ್ರಾಣ ಹೋದಂತಾಗುತ್ತದೆ. ಒಂದು ಹಲ್ಲಂತೂ ರಾತ್ರಿ ಮಲಗಗೊಡುವುದಿಲ್ಲ.”

“ಹೇಳಬಾರದಾಗಿತ್ತೆ?”

“ಯಾರಿಗೆ ಹೇಳಲಿ ಮಾವ? ಹಲ್ಲಿಗೆ ಹೊದಿಕೆ ಹಾಕಿಸಿದ್ದೇ ಇವರಿಗೆ ತಿಳಿಯದು. ಹಲ್ಲು ಕಚ್ಚಿಕೊಂಡು ಇದ್ದೇನೆ.”

ಹಲ್ಲು ಕಚ್ಚಿಕೊಂಡು ಸಹಿಸುವುದು ಎಂಬ ನುಡಿಗಟ್ಟನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ವಾಕ್ಯದಲ್ಲಿ ಪ್ರಯೋಗಿಸಿ ತೋರಿಸಿದ್ದೇವೆ. ಅದರ ಅರ್ಥ ಅಂದು ತಿಳಿದಷ್ಟು ಎಂದೂ ತಿಳಿದಿರಲಿಲ್ಲ. ಇನ್ನೊಂದು ಮಾತೂ ಆಗ ನೆನಪಾಯಿತು. ಹಲ್ಲು ಜುಮ್ಮೆನ್ನುವುದಕ್ಕೆ ತಮಿಳರು ಪಲ್ ಕೂಚ್ಚಮ್ ಎನ್ನುತ್ತಾರೆ. ಕೂಚ್ಚಮ್ ಎಂದರೆ ನಾಚಿಕೆ, ಸಂಕೋಚ. ಈ ಹುಡುಗಿ ಒಂದು ಕೂಚ್ಚವನ್ನು ಕಳೆದುಕೊಳ್ಳಲು ಹೋಗಿ ಇನ್ನೊಂದನ್ನು ತಂದುಕೊಂಡಿದ್ದಳು. ಮೊದಲನೆಯದು ಹೋಗಿರಲೂ ಇಲ್ಲ.

ಈ ಜುಮ್ಮು ಎಲ್ಲಿಂದ ಬರುತ್ತದೆ ಎಂಬುದನ್ನು ಆಮೇಲೆ ವೈದ್ಯರಿಂದಲೂ ಗ್ರಂಥಗಳಿಂದಲೂ ತಿಳಿದುಕೊಂಡೆವು. ಹಲ್ಲಿನ ಹೊರಗಿನ ಬಿಳಿಯ ಪದರಕ್ಕೆ ಎನಾಮಲ್ ಎಂದು ಹೆಸರು. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಅದರಲ್ಲಿ ನರವಿಲ್ಲ, ನೋವಿಲ್ಲ. ಸವೆದರೆ ಮತ್ತೆ ಬೆಳೆಯುವುದೂ ಇಲ್ಲ. ಅದರ ಕೆಳಗಿನ ಪದರ ಡೆಂಟಿನ್. ಇದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳು ಒಂದು ಚದರ ಮಿಲಿಮೀಟರಿನಲ್ಲಿ ಸಾವಿರಾರು. ಆ ನಾಳಗಳಲ್ಲಿ ದ್ರವವುಂಟು. ಒಳಗಡೆ, ಮಜ್ಜೆಯಲ್ಲಿ, ನರಗಳುಂಟು. ತಣ್ಣೀರೋ ಗಾಳಿಯೋ ಹುಳಿಯೋ ತಾಗಿದರೆ ನಾಳದೊಳಗಿನ ದ್ರವ ಅಲುಗುತ್ತದೆ, ಅದರ ಅಲುಗಾಟಕ್ಕೆ ನರ ಎಚ್ಚರಗೊಳ್ಳುತ್ತದೆ. ಸ್ವೀಡನ್ ದೇಶದ ಬ್ರಾನ್‌ಸ್ಟ್ರೋಮ್ ಎಂಬ ವಿದ್ವಾಂಸರು 1960ರ ದಶಕದಲ್ಲಿ ಪ್ರಯೋಗಗಳಿಂದ ಬಲಪಡಿಸಿದ ಈ ವಿವರಣೆಯನ್ನೇ ಇಂದಿಗೂ ವೈದ್ಯರು ಹೆಚ್ಚಾಗಿ ಒಪ್ಪುತ್ತಾರೆ. ಎನಾಮಲ್ ಮುಚ್ಚಿಕೊಂಡಿರುವವರೆಗೆ ನಾಳಗಳ ಬಾಯಿ ಕಟ್ಟಿರುತ್ತದೆ. ಅದು ಹೋದೆಡೆಯಲ್ಲಿ ಹಲ್ಲು ಬರಿಮೈಯಾಗುತ್ತದೆ.

ಇನ್ನು ಹೊದಿಕೆಯ ಕಥೆ. 1930ರ ಸುಮಾರಿಗೆ ಅಮೆರಿಕದ ಚಲನಚಿತ್ರ ನಟರ ಹಲ್ಲು ಚೆಲುವಾಗಿ ಕಾಣಲೆಂದು ಪಿಂಕಸ್ ಎಂಬ ದಂತವೈದ್ಯರು ತೆಳು ಬಿಲ್ಲೆಗಳನ್ನು ಮಾಡಿ ತಾತ್ಕಾಲಿಕವಾಗಿ ಅಂಟಿಸುತ್ತಿದ್ದರು. ಚಿತ್ರೀಕರಣ ಮುಗಿದ ಮೇಲೆ ತೆಗೆದಿಡಬೇಕಾಗಿತ್ತು. ಎನಾಮಲನ್ನು ಆಮ್ಲದಿಂದ ತುಸು ಒರಟು ಮಾಡಿದರೆ ಅಂಟು ಭದ್ರವಾಗಿ ಹಿಡಿಯುತ್ತದೆಂದು 1955ರಲ್ಲಿ ಬ್ಯೂನೊಕೋರ್ ಎಂಬವರು ತೋರಿಸಿದರು. 1980ರ ದಶಕದ ಮೊದಲಿಗೆ ಪಿಂಗಾಣಿಯನ್ನೂ ಹಾಗೆಯೇ ಒರಟು ಮಾಡಿ ಶಾಶ್ವತವಾಗಿ ಅಂಟಿಸುವ ಪದ್ಧತಿ ಬಂದಿತು. ಇಂದು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನಷ್ಟು ಎನಾಮಲನ್ನು ಅರೆದು, ಅಚ್ಚು ತೆಗೆದು, ಬಿಲ್ಲೆ ಸಿದ್ಧವಾಗುವವರೆಗೆ ತಾತ್ಕಾಲಿಕ ಹೊದಿಕೆಯಿಟ್ಟು, ಬಳಿಕ ನಿಜವಾದ ಹೊದಿಕೆಯನ್ನು ಕೂಡಿಸುತ್ತಾರೆ.

ಅರ್ಧ ಮಿಲಿಮೀಟರ್ ಎಂದರೆ ಅಲ್ಪವೆಂದು ತೋರಬಹುದು. ಆದರೆ ವಸಡಿನ ಬಳಿಯಲ್ಲಿ ಮುಂಬಲ್ಲಿನ ಎನಾಮಲ್ ಇರುವುದೇ ಸುಮಾರು ಅಷ್ಟು, ಕೆಲವೆಡೆ ಅದಕ್ಕಿಂತಲೂ ಕಡಿಮೆ. ಕೈ ತುಸು ಆಳಕ್ಕೆ ಹೋದರೆ ಡೆಂಟಿನ್ ತೆರೆದುಕೊಳ್ಳುತ್ತದೆ. ಅರೆಯುವಾಗ ನೀರು ಸಾಲದೆ ಹಲ್ಲು ಕಾಯ್ದರೂ, ತಾತ್ಕಾಲಿಕ ಹೊದಿಕೆ ಸಡಿಲವಾಗಿದ್ದರೂ, ಅಂಟು ಅಂಚಿನಲ್ಲಿ ಬಿಟ್ಟಿದ್ದರೂ, ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕೂಡುವಲ್ಲಿ ಒಂದು ಎಳ್ಳಿನಷ್ಟು ಎತ್ತರವಾಗಿದ್ದರೂ, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೂ ಫಲ ಒಂದೇ. ಹಲ್ಲು ದೂರು ಹೇಳುತ್ತದೆ. ಚೆನ್ನಾಗಿ ಮಾಡಿದ ಕೆಲಸದಲ್ಲಿಯೂ ಕೆಲವು ದಿನ, ಕೆಲವರಿಗೆ ಕೆಲವು ವಾರ, ತಣ್ಣೀರಿಗೆ ಹಲ್ಲು ಜುಮ್ಮೆನ್ನುವುದುಂಟು. ಅದು ತಾನಾಗಿ ಇಳಿದುಹೋದರೆ ಹೆದರಬೇಕಾಗಿಲ್ಲ. ಇಳಿಯದಿರುವುದನ್ನು ಮುಚ್ಚಿಡಬಾರದು.

ನಮ್ಮ ಹುಡುಗಿಯ ಸಂಗತಿಯನ್ನು ಅವಳ ಒಪ್ಪಿಗೆ ಪಡೆದು ನಾವೇ ಅವಳ ಅತ್ತೆಯವರಿಗೆ ತಿಳಿಸಿದೆವು. ಆ ತಾಯಿ ಒಂದು ಗಳಿಗೆ ಸುಮ್ಮನಿದ್ದು, “ಹಲ್ಲು ನೋಡಿ ತರುವುದಕ್ಕೆ ನಾವೇನು ಹಸು ಕೊಂಡೆವೆ? ಎರಡು ತಿಂಗಳು ಈ ಮಗು ಉಪವಾಸ ಬಿದ್ದಳಲ್ಲ!” ಎಂದರು. ಮರುದಿನವೇ ಸೊಸೆಯನ್ನು ಕರೆದುಕೊಂಡು ಮಧುರೆಗೆ ಹೊರಟರು. ನಾವೂ ಜೊತೆಗೆ ಹೋದೆವು.

ಅಲ್ಲಿ ನಡೆದುದನ್ನು ಕನ್ನಡ ಸಂಘದ ಸಭೆಯಲ್ಲಿ ಹೇಳಲೇಬೇಕು. ವೈದ್ಯರು ತಮಿಳಿನಲ್ಲಿ ಕೇಳಿದರು: ನೋವು ಹೇಗೆ ಬರುತ್ತದೆ? ಶಾಲೆಯಲ್ಲಿ ತಮಿಳು ಓದಿದ ಹುಡುಗಿ ಗಾಬರಿಯಿಂದ ‘ವಲಿ’ ಎಂಬ ಒಂದೇ ಮಾತು ಹೇಳಿದಳು. ವಲಿ ಎಂದರೆ ನೋವು. ಆರು ಹಲ್ಲಿಗೂ ಅದೇ ಉತ್ತರ. ವೈದ್ಯರಿಗೆ ದಾರಿ ತೋರಲಿಲ್ಲ. ಆಗ ನಾವು, “ನಿನ್ನ ಅವ್ವನ ಹತ್ತಿರ ಹೇಳುವಂತೆ ಮನೆಮಾತಿನಲ್ಲಿ ಹೇಳಮ್ಮ” ಎಂದೆವು. ಒಂದೊಂದು ಹಲ್ಲನ್ನೇ ಬೆರಳಿನಿಂದ ತೋರಿಸಿ ಅವಳು ಹೇಳತೊಡಗಿದಳು. ಈ ನಾಲ್ಕು ತಣ್ಣೀರಿಗೆ ಜುಮ್ಮೆಂದು ನಿಂತುಬಿಡುತ್ತವೆ. ಇದು ಕಚ್ಚಿದಾಗ ಮಾತ್ರ ಚುಳ್ಳೆನ್ನುತ್ತದೆ. ಇದೊಂದು ಸುಮ್ಮನಿದ್ದರೂ ರಾತ್ರಿಯಲ್ಲಿ ಸಿಡಿಯುತ್ತದೆ. ನೀರು ತಾಗಿ ಎಷ್ಟೋ ಹೊತ್ತಾದರೂ ನಿಲ್ಲುವುದಿಲ್ಲ.

ಜುಮ್ಮು, ಚುಳ್ಳು ಮುಂತಾದವನ್ನು ವ್ಯಾಕರಣದಲ್ಲಿ ಅನುಕರಣಾವ್ಯಯಗಳೆಂದು ಪಾಠ ಹೇಳಿ, ಎರಡು ಅಂಕದ ಪ್ರಶ್ನೆಯನ್ನಾಗಿ ಮಾಡಿ ಬಿಟ್ಟುಬಿಡುತ್ತೇವೆ. ಅಂದು ನಾವು ಅವನ್ನು ವಿವರಿಸಿ ತಮಿಳಿನಲ್ಲಿ ಹೇಳುತ್ತ ಹೋದಂತೆ ವೈದ್ಯರ ಮುಖ ತಿಳಿಯಾಯಿತು. ಪರೀಕ್ಷೆ ಮಾಡಿ ನೋಡಿದಾಗ ಮೂರು ಮಾತಿಗೆ ಮೂರು ಕಾರಣಗಳು ಸಿಕ್ಕಿದವು. ಜುಮ್ಮೆಂದು ನಿಲ್ಲುವ ನಾಲ್ಕರಲ್ಲಿ ವಸಡಿನ ಬಳಿ ಡೆಂಟಿನ್ ತುಸು ತೆರೆದಿತ್ತು. ಅದಕ್ಕೆ ರಕ್ಷಣೆಯ ಲೇಪ ಹಚ್ಚಿ, ಪೊಟ್ಯಾಸಿಯಂ ನೈಟ್ರೇಟ್ ಇರುವ ಹಲ್ಲಿನ ಪೇಸ್ಟನ್ನು ದಿನಕ್ಕೆ ಎರಡು ಸಲ ಬಳಸಲು ಹೇಳಿದರು. ಅದರ ಗುಣ ಒಂದು ದಿನದಲ್ಲಿ ಕಾಣುವುದಿಲ್ಲ, ಎರಡರಿಂದ ನಾಲ್ಕು ವಾರ ಬೇಕು ಎಂದರು. ಕಚ್ಚಿದರೆ ಚುಳ್ಳೆನ್ನುವ ಹಲ್ಲು ಎತ್ತರವಾಗಿತ್ತು. ಬಣ್ಣದ ಕಾಗದವನ್ನು ಕಚ್ಚಿಸಿ, ಗುರುತು ಬಿದ್ದ ಕಡೆ ನಯವಾಗಿ ಉಜ್ಜಿದರು. ಅದು ಅಂದೇ ಸರಿಹೋಯಿತು. ರಾತ್ರಿ ಸಿಡಿಯುವ ಹಲ್ಲಿನ ಹೊದಿಕೆ ಅಂಚಿನಲ್ಲಿ ಬಿಟ್ಟಿತ್ತು. ಒಳಗಿನ ಮಜ್ಜೆ ಉರಿಗೊಂಡು ಚೇತರಿಸದ ಸ್ಥಿತಿಗೆ ಬಂದಿತ್ತು. ಅದಕ್ಕೆ ರೂಟ್ ಕೆನಾಲ್ ಎಂಬ ಬೇರುನಾಳದ ಚಿಕಿತ್ಸೆಯೇ ಗತಿಯಾಯಿತು. “ಮೊದಲ ವಾರವೇ ಬಂದಿದ್ದರೆ ಈ ಹಲ್ಲಿನ ನರ ಉಳಿಯುವ ಸಂಭವವಿತ್ತು” ಎಂದು ವೈದ್ಯರು ಹೇಳಿದಾಗ ನಮ್ಮ ಹುಡುಗಿ ತಲೆ ತಗ್ಗಿಸಿದಳು. ಎರಡು ತಿಂಗಳ ಮೌನಕ್ಕೆ ತೆತ್ತ ಬೆಲೆ ಅದು.

ಆದುದರಿಂದ ತಾಯಂದಿರಲ್ಲಿ ನಮ್ಮ ಅರಿಕೆ ಇಷ್ಟು. ಹೊದಿಕೆ ಹಾಕಿಸಿದ ಮೇಲೆ ತಣ್ಣೀರಿಗೆ ಕ್ಷಣಕಾಲ ಜುಮ್ಮೆಂದರೆ ಕೆಲವು ದಿನ ತಾಳಿ ನೋಡಬಹುದು. ಮೃದುವಾದ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಬೇಕು. ಹುಳಿ ದ್ರಾಕ್ಷಿ, ಹುಣಿಸೆ, ನಿಂಬೆಗಳನ್ನು ಸ್ವಲ್ಪ ಕಾಲ ದೂರವಿಡಬೇಕು. ಹುಳಿ ತಿಂದೊಡನೆ ಹಲ್ಲುಜ್ಜದೆ ಬಾಯಿ ಮುಕ್ಕಳಿಸಿ ಅರ್ಧ ಗಂಟೆಯಾದರೂ ಬಿಡಬೇಕು. ನೋವು ನಿಲ್ಲದೆ ಉಳಿದರೆ, ಸುಮ್ಮನಿದ್ದರೂ ಬಂದರೆ, ನಿದ್ದೆ ಕೆಡಿಸಿದರೆ, ಕಚ್ಚಲು ಬಾರದಿದ್ದರೆ, ವಸಡು ಊದಿದರೆ ಮರುದಿನಕ್ಕೆ ಮುಂದೂಡದೆ ವೈದ್ಯರಲ್ಲಿಗೆ ಹೋಗಬೇಕು. ಹೊಗೆಸೊಪ್ಪನ್ನು ಹಲ್ಲಿನ ಸಂದಿಯಲ್ಲಿಟ್ಟರೆ ನೋವು ನಿಲ್ಲುವುದೆಂಬ ಮಾತನ್ನು ನಂಬಬಾರದು. ಇದ್ದಿಲು ಪುಡಿ, ಇಟ್ಟಿಗೆ ಪುಡಿಗಳು ಉಳಿದಿರುವ ಎನಾಮಲನ್ನೂ ಸವೆಸುತ್ತವೆ.

ಹಾಕಿಸುವ ಮೊದಲೂ ಕೇಳಬೇಕಾದ ಮಾತುಗಳುಂಟು. ಎಷ್ಟು ಅರೆಯುತ್ತೀರಿ? ಅರೆಯದೆ ಆಗುವ ಉಪಾಯವಿಲ್ಲವೆ? ಕಲೆ ಅಲ್ಪವಾಗಿದ್ದರೆ ಮೇಲ್ಪದರವನ್ನು ನವಿರಾಗಿ ಉಜ್ಜಿ ತೆಗೆಯುವ, ಬಿಳುಪು ಮಾಡುವ, ರಾಳವನ್ನು ಇಂಗಿಸುವ ಕ್ರಮಗಳುಂಟು. ಅವುಗಳಲ್ಲಿ ಹಲ್ಲಿನ ನಷ್ಟ ಕಡಿಮೆ. ಒಮ್ಮೆ ಅರೆದ ಎನಾಮಲ್ ಮರಳಿ ಬಾರದು. ಹೊದಿಕೆಯೂ ಶಾಶ್ವತವಲ್ಲ, ಹತ್ತು ಹದಿನೈದು ವರ್ಷಗಳಲ್ಲಿ ಬದಲಿಸಬೇಕಾಗಿ ಬರಬಹುದು. ಇಪ್ಪತ್ತೆರಡರ ಹುಡುಗಿಗೆ ಹಾಕಿಸುವವರು ಈ ಲೆಕ್ಕವನ್ನು ಮಾಡಿಕೊಳ್ಳಬೇಕು. ನೋಂದಣಿಯಾದ ದಂತವೈದ್ಯರಲ್ಲದೆ ಬೇರೆ ಯಾರ ಕೈಗೂ ಬಾಯಿ ಒಪ್ಪಿಸಬಾರದು. ಮುಖ್ಯವಾಗಿ, ಮುಹೂರ್ತದ ಹಿಂದಿನ ಪಕ್ಷದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಹಲ್ಲು ಪಂಚಾಂಗ ನೋಡಿ ಗುಣವಾಗುವುದಿಲ್ಲ.

ಇಷ್ಟಕ್ಕೆ ಮುಗಿಸಿದರೆ ನಮ್ಮ ಮಾತು ಅರ್ಧವಾದೀತು. ಆ ಕಲೆ ಬಂದುದು ಎಲ್ಲಿಂದ? ಹುಡುಗಿ ಹಲ್ಲುಜ್ಜಲಿಲ್ಲವೆಂದಲ್ಲ, ಅದು ನೀರಿನ ಕಲೆ. ಅಮೆರಿಕದ ಕೊಲರಾಡೋ ಸೀಮೆಯಲ್ಲಿ ಇಂತಹ ಕಂದು ಹಲ್ಲುಗಳನ್ನು ಮೆಕೇ ಎಂಬ ವೈದ್ಯರು 1901ರಲ್ಲಿ ಕಂಡರು. ನೀರಿನಲ್ಲಿ ಅತಿಯಾದ ಫ್ಲೋರೈಡ್ ಎಂಬ ಲವಣವೇ ಕಾರಣವೆಂದು ತಿಳಿಯಲು 1931 ಬಂದಿತು. ನಮ್ಮ ದೇಶದಲ್ಲಿ ಫ್ಲೋರೈಡಿನ ಬಾಧೆಯನ್ನು 1937ರಲ್ಲಿ ಮೊದಲು ವರದಿ ಮಾಡಿದುದು ಅಂದಿನ ಮದರಾಸು ಪ್ರಾಂತದ ನೆಲ್ಲೂರಿನಿಂದ. ದಿಂಡಿಗಲ್ ಜಿಲ್ಲೆಯ ಗಟ್ಟಿ ಬಂಡೆಯ ಸೀಮೆಯಲ್ಲಿ ಹಲವೆಡೆ ಕೊಳವೆಬಾವಿಗಳ ನೀರಿನಲ್ಲಿ ಈ ಲವಣ ಮಿತಿಮೀರಿದೆ. ಚಿನ್ನಾಳಪಟ್ಟಿಯ ಪಕ್ಕದಲ್ಲಿಯೇ ಇರುವ ಗಾಂಧಿಗ್ರಾಮ ಗ್ರಾಮೀಣ ವಿದ್ಯಾಸಂಸ್ಥೆಯ ರಸಾಯನಶಾಸ್ತ್ರಜ್ಞರು ನೀರಿನಿಂದ ಫ್ಲೋರೈಡನ್ನು ತೆಗೆಯುವ ಬಗೆಯನ್ನು ಕುರಿತು ಬಹುಕಾಲ ಸಂಶೋಧನೆ ನಡೆಸಿದ್ದಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರಿಲ್ಲದಿದ್ದರೆ ಹೆಚ್ಚೆಂದರೆ 1.5 ಎಂಬುದು ಭಾರತೀಯ ಮಾನಕ.

ಇಲ್ಲಿ ಗಮನಿಸಬೇಕಾದುದೊಂದುಂಟು. ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗ ಮಾತ್ರ ಈ ಕಲೆ ಕೂರುತ್ತದೆ. ಮುಂಬಲ್ಲುಗಳಿಗೆ ಹುಟ್ಟಿದಂದಿನಿಂದ ನಾಲ್ಕೈದು ವರ್ಷ. ಉಳಿದ ಹಲ್ಲುಗಳನ್ನೂ ಎಣಿಸಿದರೆ ಸುಮಾರು ಎಂಟು ವರ್ಷ. ಬೆಳೆದವರ ಹಲ್ಲಿಗೆ ಹೊದಿಕೆಯ ಉಪಾಯವುಂಟು. ಮಡಿಲಲ್ಲಿರುವ ಮಗುವಿಗೆ ನೀರಿನ ಕೊಡವನ್ನು ಬದಲಿಸುವುದೇ ಉಪಾಯ. ನೀರನ್ನು ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಅದು ಇನ್ನೂ ಗಾಢವಾಗುತ್ತದೆ. ಹಿಡಿದಿಟ್ಟ ಮಳೆನೀರು ಒಳ್ಳೆಯದು. ಮನೆಗಳಲ್ಲಿ ಮಳೆನೀರಿನ ಸಂಗ್ರಹಣವನ್ನು ತಮಿಳುನಾಡು ಸರ್ಕಾರವು 2003ರಲ್ಲಿಯೇ ಕಡ್ಡಾಯ ಮಾಡಿತು. ಪಶ್ಚಿಮಕ್ಕೆ ಹರಿಯುತ್ತಿದ್ದ ಪೆರಿಯಾರಿನ ನೀರನ್ನು ಬೆಟ್ಟ ಕೊರೆದು 1895ರಲ್ಲಿ ಕಂಬಂ ಕಣಿವೆಗೆ ತಂದ ಸೀಮೆ ನಮ್ಮದು. ಅಂತಹ ಸೀಮೆಯಲ್ಲಿ ಒಂದು ಮಗುವಿಗೆ ದಿನಕ್ಕೆ ಎರಡು ತಂಬಿಗೆ ಒಳ್ಳೆಯ ನೀರನ್ನು ಹೊಂದಿಸುವುದು ನಮ್ಮಿಂದಾಗದ ಕೆಲಸವಲ್ಲ.

ಸಂಘದ ತರುಣರಲ್ಲಿ ಒಂದು ಪ್ರಾರ್ಥನೆ. ನೀರು ಸರಬರಾಜು ಮಂಡಳಿಯ ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷಿಸಿಕೊಡುತ್ತಾರೆ. ಮುಂದಿನ ವಾರ್ಷಿಕೋತ್ಸವದೊಳಗೆ ನಮ್ಮವರಿರುವ ಹಳ್ಳಿಗಳ ಕೊಳವೆಬಾವಿಗಳಿಂದ ಒಂದೊಂದು ಸೀಸೆ ನೀರು ಹಿಡಿದು, ಊರಿನ ಹೆಸರು ಬರೆದು, ಪರೀಕ್ಷೆಗೆ ಕಳುಹಿಸಿರಿ. ಬಂದ ಅಂಕೆಗಳನ್ನು ಮುಂದಿನ ಸಂಚಿಕೆಯಲ್ಲಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಅಚ್ಚು ಹಾಕಿಸಿರಿ. ಕನ್ನಡ ಲಿಪಿಯನ್ನು ಓದಲಾರದ ನಮ್ಮ ಎಷ್ಟೋ ಮನೆಗಳಿಗೆ ಅದೂ ಕನ್ನಡದ ಸೇವೆಯೇ ಆದೀತು.

ನಮ್ಮ ಅಕ್ಕನ ಮನೆಯಲ್ಲಿ ಆ ಹುಡುಗಿಯ ಅಣ್ಣನ ಮಗುವೊಂದಿದೆ. ಈಗ ಎರಡು ವರ್ಷ. ಮಧುರೆಯಿಂದ ಹಿಂದಿರುಗಿದ ವಾರವೇ ಅವಳು ತವರಿಗೆ ಹೋಗಿ, ಮಗುವಿಗೆ ಕೊಳವೆಬಾವಿಯ ನೀರು ಕೊಡಕೂಡದೆಂದು ಜಗಳವಾಡಿ ಮಳೆನೀರಿನ ತೊಟ್ಟಿ ಕಟ್ಟಿಸಿದಳು. ಕಳೆದ ಪೊಂಗಲಿಗೆ ನಾವು ಹೋದಾಗ ಅದೇ ನೀರನ್ನು ಲೋಟದಲ್ಲಿ ತಂದುಕೊಟ್ಟು, ತಾನೂ ಒಂದು ಲೋಟ ಕುಡಿದಳು. ತಣ್ಣಗೇ ಇತ್ತು. “ಜುಮ್ಮೆನ್ನಲಿಲ್ಲವೇನಮ್ಮ?” ಎಂದೆವು. “ಒಂದು ಹಲ್ಲು ತುಸು ಎಂದಿತು ಮಾವ. ಅತ್ತೆಗೆ ಆಗಲೇ ಹೇಳಿದ್ದೇನೆ” ಎಂದಳು.